ಬಂದ್ ದಿನ ನಿನ್ನ ಬೈಕು

ಭದ್ರಾವತಿ, ಆಸ್ಪತ್ರೆಯ ವೆರಾಂಡ
೪-೧೦-೨೦೦೬, ಮಧ್ಯಾಹ್ನ

ಪ್ರೀತಿಯ ಮಗಳು ಶೀತಲ್‌ಗೆ,

ಸಬ್ ಇನ್ಸ್‌ಪೆಕ್ಟರ್ ತರಬೇತಿಯಲ್ಲಿರುವ ನಿನ್ನ ಸಮಕ್ಷಮದಲ್ಲಿ, ಶಿವಮೊಗ್ಗ ಗೋಪಾಳದ ವಾಸಿ, ಕಾಮರ್ಸ್ ಉಪನ್ಯಾಸಕ ಉಜ್ಜನಪ್ಪ ಎಂಬ ನಾನು ಯಾರ ಬೆದರಿಕೆಗೂ ಆಮಿಷಕ್ಕೂ ಒಳಗಾಗದೆ, ಪೂರ್ಣ ಎಚ್ಚರದಲ್ಲಿ ಕೊಡುವ ಹೇಳಿಕೆ ಏನೆಂದರೆ: ಇವತ್ತು ಬೆಳಿಗ್ಗೆ ನಿನ್ನ ಬೈಕನ್ನು ಕದ್ದಿದ್ದೇನೆ. ಗುಲ್ಬರ್ಗಾ ಬಸ್ಸು ಹತ್ತುವಾಗ ನೀನು "ನಾನು ಬರೋವರೆಗೂ ಅದನ್ನ ಯಾರೂ ರೋಡಿಗೆ ಇಳಿಸಬಾರ್ದು, ಅದ್ರಲ್ಲೂ ಅಪ್ಪ" ಎಂದದ್ದು ಚೆನ್ನಾಗಿ ನೆನಪಿದೆ. ನೆನಪಿದ್ದೂ ಕದ್ದೆ. ಎರಡನೆಯ ಆರೋಪಿ ನಿನ್ನ ಅಮ್ಮ.

ಪರೇಡಿನಲ್ಲಿ ಉಳುಕಿದ್ದ ನಿನ್ನ ಕಾಲು ಈಗ ಹೇಗಿದೆ? ಊತ ಇಳಿಯಿತೇ? ಅಲ್ಲಿಯ ಬಿಸಿಲಿಗೆ ಮಜ್ಜಿಗೆ ಬಿಡಬೇಡ. ಇಲ್ಲಿ ನಾನು ಕ್ಷೇಮ, ನಿನ್ನಮ್ಮನೂ ಕ್ಷೇಮ. ಆ ಮಾತನ್ನು ಇನ್ನೂ ಹೇಳಲಾಗದಿರುವುದು ನಿನ್ನ ಉಮಾ ಚಿಕ್ಕಮ್ಮನ ಬಗ್ಗೆ. ಆಪರೇಷನ್ ಕೊಠಡಿಯ ಎದುರಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬಾಗಿಲ ಮೇಲಿನ ಕೆಂಪು ದೀಪ ಉರಿಯುತ್ತಲೇ ಇದೆ. ಸುಮ್ಮನೆ ಅದನ್ನೇ ನೋಡುತ್ತ ಕೂರಲಾಗದೆ ಪೆನ್ನು ಹಿಡಿದಿದ್ದೇನೆ. ಸಾಲುಗಳು ಸೊಟ್ಟಗಾಗುತ್ತಿವೆ, ಆದರೆ ನನ್ನ ಅಕ್ಷರ ಮೊದಲಿನಿಂದಲೂ ಹೀಗೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ನಡೆದದ್ದು ಇಷ್ಟು. ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿರುವಾಗಲೇ ಜ್ಞಾನೇಶ್ ಚಿಕ್ಕಪ್ಪನ ಫೋನು. ಚಿಕ್ಕಮ್ಮನ ಗರ್ಭಕೋಶದಲ್ಲಿ ಗೆಡ್ಡೆ ಇದೆಯೆಂದು ಹೇಳಿದ್ದರಲ್ಲ, ರಾತ್ರಿಯಿಂದ ರಕ್ತಸ್ರಾವ ನಿಲ್ಲುತ್ತಿಲ್ಲವಂತೆ, ಇವತ್ತೇ ಆಪರೇಷನ್ ಆಗಬೇಕಂತೆ. ಅವಳದು ಬಿ ನೆಗೆಟಿವ್. ಆ ಗುಂಪಿನ ರಕ್ತ ಭದ್ರಾವತಿಯಲ್ಲೂ ಇಲ್ಲ, ಶಿವಮೊಗ್ಗದ ಬ್ಲಡ್ ಬ್ಯಾಂಕಿನಲ್ಲೂ ಇಲ್ಲ. ಇರುವುದು ಅಕ್ಕನ ಮೈಯಲ್ಲಿ, ಅಂದರೆ ನಿನ್ನಮ್ಮನ ಮೈಯಲ್ಲಿ. "ಅಣ್ಣಾ, ಹೆಂಗಾದ್ರೂ ಮಾಡಿ ಅಕ್ಕನ್ನ ಕರ್ಕೊಂಡು ಬನ್ನಿ, ಡಾಕ್ಟ್ರು ಕಾಯ್ತಾ ಇದಾರೆ" ಎಂದ. ಆ ಗಂಡಸಿನ ದನಿ ಒಡೆದದ್ದನ್ನು ನಾನು ಇದೇ ಮೊದಲು ಕೇಳಿದ್ದು.

ಇವತ್ತೋ ಕರ್ನಾಟಕ ಬಂದ್. ಬಸ್ಸಿಲ್ಲ, ಆಟೋ ಇಲ್ಲ. ನನ್ನ ಸ್ಕೂಟರು ಆಲ್ಕೊಳದ ಮುರುಗೇಶಪ್ಪನ ಗ್ಯಾರೇಜಿನಲ್ಲಿ ಅಂಗಾಂಗ ಬಿಚ್ಚಿಸಿಕೊಂಡು ಮಲಗಿದೆ, ಅವನ ಶಟರ್ ಮುಚ್ಚಿದೆ. ಉಳಿದದ್ದು ನಿನ್ನ ಕ್ರೂಸರ್. ಸೆಕೆಂಡ್ ಹ್ಯಾಂಡ್ ತಂದ ದಿನ ಇದು ಬೈಕೋ ಆರಾಮ ಕುರ್ಚಿಯೋ ಎಂದು ನಾನು ನಕ್ಕಿದ್ದೆನಲ್ಲ, ಅದೇ. ಇನ್ನೊಂದು ಗುಟ್ಟು ಈಗಲೇ ಹೇಳಿಬಿಡುತ್ತೇನೆ. ಮೊನ್ನೆ ಆಯುಧಪೂಜೆಗೆ ಅದನ್ನು ನಾನೇ ಸರ್ವಿಸ್ ಮಾಡಿದ್ದೆ. ಎಂಜಿನ್ ಆಯಿಲ್ ಬದಲಾಯಿಸಿದೆ, ಏರ್ ಫಿಲ್ಟರ್ ಸೋಪಿನ ನೀರಲ್ಲಿ ತೊಳೆದು ಒಣಗಿಸಿದೆ, ಚೈನಿಗೆ ಎಣ್ಣೆ ಬಿಟ್ಟೆ, ಪ್ಲಗ್ ಉಜ್ಜಿದೆ. ಉಜ್ಜನಪ್ಪನ ಕೈಗೆ ಸಿಕ್ಕ ಮೇಲೆ ಉಜ್ಜಿಸಿಕೊಳ್ಳದೆ ವಿಧಿಯೇ? ಆಮೇಲೆ ವಿಭೂತಿ ಗಟ್ಟಿಯನ್ನು ನೀರಲ್ಲಿ ಕಲಸಿ ಹೆಡ್‌ಲೈಟಿಗೆ ಮೂರು ಪಟ್ಟೆ ಎಳೆದು, ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಇನ್ನೂ ದಪ್ಪಗೆ ಮೂರು ಎಳೆದೆ. "ಸಾಕು ರೀ, ಅದೇನು ಗೋಡೆನಾ ಸುಣ್ಣ ಬಳಿಯೋಕೆ" ಎಂದಳು ನಿನ್ನಮ್ಮ. ಭಕ್ತಿಯಲ್ಲಿ ಜಿಪುಣತನ ಬೇಡವೆಂದೆ. ಪೂಜೆಯಾದ ಮೇಲೆ ಬೈಕು ಗೇಟು ದಾಟಿರಲಿಲ್ಲ.

ಬೆಳಿಗ್ಗೆ ಸೆಲ್ಫ್ ಒತ್ತಿದೊಡನೆ ಎದ್ದಿತು. ತುಂಗಾ ಸೇತುವೆ ದಾಟುವವರೆಗೂ ರಾಜಗಾಂಭೀರ್ಯ. ವಿದ್ಯಾನಗರದಲ್ಲಿ ಹುಡುಗರು ರಸ್ತೆಗೆ ಅಡ್ಡಲಾಗಿ ಟೈರು ಸುಡುತ್ತಿದ್ದರು. ಅವರಿಗೆ ಏನು ಹೇಳಿ ದಾರಿ ಬಿಡಿಸಿಕೊಳ್ಳಲಿ ಎಂದು ಯೋಚಿಸುತ್ತಿರುವಾಗಲೇ ಎಂಜಿನ್ ಎರಡು ಸಲ ಕೆಮ್ಮಿ, ಸರಿಯಾಗಿ ಬೆಂಕಿಯ ಮುಂದೆ ಬಂದು ನಿಂತಿತು. ಮೇಷ್ಟ್ರು ಬಂದ್‌ಗೆ ಬೆಂಬಲ ಕೊಟ್ಟರೆಂದು ಹುಡುಗರು ಚಪ್ಪಾಳೆ ತಟ್ಟಿದರು. ನಿನ್ನಮ್ಮ ಇಳಿದು ಆಸ್ಪತ್ರೆಯ ವಿಷಯ ಹೇಳಿದ ಮೇಲೆ ಅವರೇ ಟೈರು ಸರಿಸಿದರು. ನಾನು ಮುಚ್ಚಳ ತೆಗೆದು ನೋಡಿದೆ, ಪೆಟ್ರೋಲ್ ಭರ್ತಿ ಇತ್ತು. ಪ್ಲಗ್ ಬಿಚ್ಚಿ ಒರೆಸಿ ಹಾಕಿ ಸೆಲ್ಫ್ ಒತ್ತಿದೆ. ಎದ್ದಿತು. ನನ್ನ ಕೈಗುಣವೆಂದುಕೊಂಡೆ.

ಮಲವಗೊಪ್ಪ ದಾಟಿದ ಮೇಲೆ ಮತ್ತೆ ಅದೇ ಕೆಮ್ಮು, ಅದೇ ಮೌನ. ಮತ್ತೆ ಮುಚ್ಚಳ ತೆಗೆದೆ, ಮತ್ತೆ ಪ್ಲಗ್ ಒರೆಸಿದೆ, ಮತ್ತೆ ಎದ್ದಿತು. ಆದರೆ ಈ ಸಲ ಸೆಲ್ಫ್‌ನ ದನಿ ಸೋತಿತ್ತು. ಹಳೇ ಬ್ಯಾಟರಿ, ಕಿಕ್ಕರ್ ಇಲ್ಲದ ಗಾಡಿ. ಅಷ್ಟರಲ್ಲಿ ಜ್ಞಾನೇಶನ ಫೋನು: ಎಲ್ಲಿದ್ದೀರಿ, ಬಿ.ಪಿ. ಇಳೀತಾ ಇದೆ ಅಂತಿದಾರೆ. ಬಂದೇಬಿಟ್ಟೆವು ಎಂದು ಸುಳ್ಳು ಹೇಳಿದಳು ನಿನ್ನಮ್ಮ. ನನ್ನ ತಲೆಯಲ್ಲಿ ಮಾತ್ರ ಒಂದೇ ಪ್ರಶ್ನೆ. ತೊಳೆದ ಫಿಲ್ಟರ್ ಸರಿಯಾಗಿ ಒಣಗಿರಲಿಲ್ಲವೇ? ನನ್ನ ಹವ್ಯಾಸಕ್ಕೆ ಉಮಾ ಬೆಲೆ ತೆರಬೇಕೇ? ಮಾತು ಮಾತಿಗೆ ಪನ್ ಕಟ್ಟುವ ನಿನ್ನಪ್ಪನಿಗೆ ಒಂದು ತಮಾಷೆಯೂ ಹೊಳೆಯಲಿಲ್ಲ ಮಗಳೇ. ಬಂದ್ ದಿನ ಬೈಕೂ ಬಂದ್ ಎಂಬುದು ಕೂಡ ಈಗ, ಈ ಬೆಂಚಿನ ಮೇಲೆ ಹೊಳೆದದ್ದು.

ಮಾಚೇನಹಳ್ಳಿ ಹತ್ತಿರ ಮೂರನೆಯ ಸಲ ನಿಂತಿತು. ಸೆಲ್ಫ್ ಒತ್ತಿದರೆ ಬರೀ ಟಿಕ್. ಹಿಂದೆ ಮುಂದೆ ಒಂದು ವಾಹನವಿಲ್ಲ. ಪೆಟ್ರೋಲ್ ಇರುವುದು ಗೊತ್ತಿದ್ದರಿಂದ ಈ ಸಲ ಮುಚ್ಚಳಕ್ಕೆ ಕೈ ಹಾಕದೆ, ನೇರವಾಗಿ ಎಂಜಿನ್ನಿಗೆ ಪೆಟ್ರೋಲ್ ಉಣಿಸುವ ಕಾರ್ಬ್ಯುರೇಟರಿನ ಅಡಿಯ ಸ್ಕ್ರೂ ಸಡಿಲಿಸಿದೆ. ಕಾರ್ಬ್ಯುರೇಟರಿನ ಕಾರುಬಾರೇ ನಿಂತಿತ್ತು, ಒಂದು ಹನಿ ಬೀಳಲಿಲ್ಲ. ಮೇಲೆ ಟ್ಯಾಂಕು ಭರ್ತಿ, ಕೆಳಗೆ ಬರಗಾಲ. ನಾನು ರಸ್ತೆಯಲ್ಲೇ ಕುಕ್ಕರಿಸಿ ಕೂತೆ. ಆಗ ನಿನ್ನಮ್ಮ ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ: "ರೀ, ನೀವು ಪ್ಲಗ್ ಒರೆಸಿದ್ದಕ್ಕಲ್ಲ ಅದು ಎದ್ದಿದ್ದು. ಎರಡು ಸಲಾನೂ ಮುಚ್ಚಳ ತೆಗೆದಾಗ ಸುಯ್ ಅಂತ ಗಾಳಿ ಎಳ್ಕೊಳ್ತು, ನಾನು ಕೇಳಿಸ್ಕೊಂಡೆ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದ್ರೆ ಎಣ್ಣೆ ಸುರಿಯುತ್ತೇನ್ರಿ? ಗಾಳಿಗೆ ಇನ್ನೊಂದು ಬೇಡ್ವಾ?"

ಹೀಗೆಂದು ಮುಚ್ಚಳ ತಿರುಗಿಸಿದಳು. ಸುಯ್ ಎಂದಿತು. ಕೆಳಗಿನ ಸ್ಕ್ರೂವಿನಿಂದ ತೊಟ್ಟು ತೊಟ್ಟಾಗಿ ಪೆಟ್ರೋಲ್ ಇಳಿಯಿತು. ಮುಚ್ಚಳದಲ್ಲಿ ಗಾಳಿಗೆಂದು ಇಟ್ಟಿದ್ದ ಸಣ್ಣ ತೂತಿನ ಮೇಲೆ ನನ್ನ ಭಕ್ತಿ ಸಿಮೆಂಟಿನಂತೆ ಗಟ್ಟಿಯಾಗಿ ಕೂತಿತ್ತು. ಬಳೆಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ ತೆಗೆದು ಅವಳು ಕೆದಕಿದಳು, ನಾನು ಬಾಯಿಟ್ಟು ಊದಿದೆ. ನಾಲಿಗೆಗೆ ವಿಭೂತಿ, ಮೂಗಿಗೆ ಪೆಟ್ರೋಲ್. ಬ್ಯಾಟರಿ ಸತ್ತಿತ್ತಾದ್ದರಿಂದ ಗಾಡಿಯನ್ನು ಸೆಕೆಂಡ್ ಗೇರಿನಲ್ಲಿಟ್ಟು ತಳ್ಳಿ, ಓಡುವಾಗ ಕ್ಲಚ್ ಬಿಟ್ಟಾಯಿತು. ಗುಡುಗಿಕೊಂಡು ಎದ್ದಿತು. ಅಲ್ಲಿಂದ ಆಸ್ಪತ್ರೆಯ ಗೇಟಿನವರೆಗೆ ಎಲ್ಲಿಯೂ ನಿಲ್ಲಲಿಲ್ಲ. ತೂತು ಕಂಡುಹಿಡಿದ ಬುದ್ಧಿ ನಿನ್ನಮ್ಮನದು, ಒಪ್ಪಿದೆ. ಆದರೆ ಆ ಹೊಗೆ, ಕಲ್ಲು, ಗಾಜಿನ ಚೂರುಗಳ ನಡುವೆ ಗಾಡಿಯನ್ನು ಹೂವಿನಂತೆ ತಂದು ಮುಟ್ಟಿಸಿದ ಸವಾರಿ ಇದೆಯಲ್ಲ, ಅದಕ್ಕೆ ಐವತ್ತು ದಾಟಿದ ಎದೆಗಾರಿಕೆಯೇ ಬೇಕು. ನಿಮ್ಮ ತರಬೇತಿಯಲ್ಲಿ ವಾಹನ ಚಾಲನೆ ಕಲಿಸುವವರಿಗೆ ಇದನ್ನು ಓದಿ ಹೇಳು.

ನಿನ್ನಮ್ಮ ರಕ್ತ ಕೊಟ್ಟು ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ಜ್ಞಾನೇಶ ಕಂಬಕ್ಕೆ ಒರಗಿ ನಿಂತಿದ್ದಾನೆ. ದೀಪ ಇನ್ನೂ ಕೆಂಪಗಿದೆ. ನೀನೂ ಅಲ್ಲಿಂದಲೇ ಚಿಕ್ಕಮ್ಮನಿಗಾಗಿ ಒಂದು ಗಳಿಗೆ ಕಣ್ಣು ಮುಚ್ಚಿ ಕೂರು. ಬಸವಣ್ಣ ನಿನ್ನ ಕಾಲಿಗೂ ಖಾಕಿಗೂ ಬಲ ಕೊಡಲಿ.

ನಿನ್ನ ಶ್ರೇಯಸ್ಸನ್ನೇ ಬಯಸುವ ಆರೋಪಿ,
ನಿನ್ನ ಅಪ್ಪ
ಉಜ್ಜನಪ್ಪ

ವಿ.ಸೂ: ದೀಪ ಆರಿತು. ಗೆಡ್ಡೆ ತೆಗೆದಾಯಿತು, ರಕ್ತ ನಿಂತಿದೆ, ಇನ್ನು ಭಯವಿಲ್ಲ ಎಂದರು ಡಾಕ್ಟರು. ಉಮಾ ಕಣ್ಣು ಬಿಟ್ಟು ಅಕ್ಕ ಎಲ್ಲಿ ಎಂದಳಂತೆ. ಜ್ಞಾನೇಶ ಅಳುತ್ತಿದ್ದಾನೆ, ಅಳಲಿ. ಅಷ್ಟರಲ್ಲಿ ನಿನ್ನಮ್ಮ ಎದ್ದು ಬಂದು ಈ ಕಾಗದ ಓದಿದಳು. ಸವಾರಿಯ ಸಾಲಿನ ಕೆಳಗೆ ಉಗುರಿನಿಂದ ಗೀರಿ ವಾಪಸ್ ಕೊಟ್ಟಳು. ಆದ್ದರಿಂದ ತಿದ್ದುಪಡಿ. ಮಾಚೇನಹಳ್ಳಿಯಲ್ಲಿ ತಳ್ಳಿದವನು ನಾನು, ಸೀಟಿನ ಮೇಲೆ ಕೂತು ಕ್ಲಚ್ ಬಿಟ್ಟವಳು ಅವಳು. ನಿಲ್ಲಿಸಿದರೆ ಮತ್ತೆ ಏಳದೆಂದು ಅವಳು ನಿಲ್ಲಿಸಲೇ ಇಲ್ಲ, ನಾನೇ ಓಡಿಹೋಗಿ ಹಿಂದೆ ಹತ್ತಿದೆ. ಗೋಪಾಳದ ಮೈದಾನದಲ್ಲಿ ನೀನು ಅವಳಿಗೆ ಗೇರು ಕಲಿಸಿದ್ದು ನನಗೆ ಗೊತ್ತಾದದ್ದೇ ಆಗ. ಅಲ್ಲಿಂದ ಆಸ್ಪತ್ರೆಯವರೆಗೂ ಲೈಸೆನ್ಸಿಲ್ಲದೆ ಓಡಿಸಿದವಳು ನಿನ್ನಮ್ಮ. ಅವಳ ಸೆರಗು ಚಕ್ರಕ್ಕೆ ಸಿಗದಂತೆ ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿಕೊಂಡು ಹಿಂದೆ ಕೂತಿದ್ದವನು ನಾನು.