ಗಡಿಯಾಚೆಗೆ ಒಂದು ಜಾಡಿ ನೀರು

ವೆಂಡೆಲ್ ಅಣ್ಣನಿಗೆ,

ಇದರ ಜೊತೆ ಪೀಚ್ ಹಣ್ಣು ಹಾಕಿಡುವ ಜಾಡಿಯಲ್ಲಿ ನನ್ನ ಬಾವಿಯ ನೀರು ಕಳಿಸಿದ್ದೇನೆ. ಮುಚ್ಚಳ ಸೋರೀತೆಂದು ಮತ್ತೆ ಮತ್ತೆ ತಿರುವಿ ನೋಡಿದೆ.

ಅಪ್ಪ ನಮ್ಮಿಬ್ಬರಿಗೆ ಹಂಚಿದ ಹೊಲದ ನಡುವೆಯೇ ಎರಡು ರಾಜ್ಯಗಳ ಗಡಿ. ನಿಮ್ಮ ಪೆನ್ಸಿಲ್ವೇನಿಯಾದಲ್ಲಿ ಅನಿಲಕ್ಕಾಗಿ ನೆಲ ಕೊರೆಯಬಹುದು, ನಮ್ಮ ನ್ಯೂಯಾರ್ಕ್‌ನಲ್ಲಿ ಕೂಡದು. ನಿನ್ನ ಪಾಲಿನಲ್ಲಿ ಕಂಪನಿ ಕೊರೆದ ಮೇಲೆ ನನ್ನ ನೀರು ನಾರುತ್ತಿದೆ. ಹಸುಗಳು ಮೂಸಿ ಹಿಂದೆ ಸರಿಯುತ್ತವೆ. ಕಂಪನಿಯವನು, "ನಿಮ್ಮ ಕಡೆ ನಾವು ಕೊರೆದೇ ಇಲ್ವಲ್ಲಮ್ಮ" ಅಂದ. ನಮ್ಮ ಕಡೆಯ ಸರ್ಕಾರಿ ಕಚೇರಿಯವನು, "ಇಲ್ಲಿ ಕೊರೆಯೋದೇ ನಿಷೇಧ, ನಿಮ್ದೇನು ದೂರು?" ಎಂದು ನಕ್ಕ. ಹಬ್ಬದೂಟಕ್ಕೆ ಟರ್ಕಿ ಕೋಳಿ ಕೊಯ್ಯುತ್ತ ನೀನೂ ಚುಚ್ಚಿದ್ದೆ: "ಕಾನೂನು ಮಾಡ್ಕೊಂಡು ಬಡವರಾಗೇ ಇರಿ ನೀವು."

ಇರಲಿ. ನಿನ್ನ ನೀರು ಪರೀಕ್ಷಿಸಲು ಕಂಪನಿಯವರು ಬಂದಾಗ ಈ ಜಾಡಿ ಕೊಟ್ಟು, ನಿನ್ನದೇ ಎಂದು ಹೇಳು. ಹೊಲಕ್ಕೆ ಕಂಪನಿ ಕೊಡುವ ಬಾಡಿಗೆ ನಿಂತೀತೆಂದು ಹೆದರಿದರೆ ಬೇಡ. ಒಂದು ಗುಟುಕು ಕುಡಿದು, ಉಳಿದದ್ದನ್ನು ಬೇಲಿಗಂಬದ ಮೇಲಿಡು. ನನ್ನ ಕಿಟಕಿಗೆ ಕಾಣುತ್ತದೆ.

ನಿನ್ನ ತಂಗಿ,
ಆರ್ಲೀನ್