ಕಾಯಿ ಒಡೆದ ಮೇಲೆ

ಅಭಿಜಿತ, ಈ ಸಲ ಚಿರಂಜೀವಿ ಎಂದು ಬರೆಯಲು ಕೈ ಬರಲಿಲ್ಲ.

ನೀನು ಹವ್ಯಾಸಕ್ಕೆ ಒಬ್ಬನೇ ಕೂತು ಹಾರಿಸುತ್ತಿದ್ದ ಪುಟ್ಟ ವಿಮಾನ ಚಚಡಿ ಊರಿನ ಹೊಲದಲ್ಲಿ ಬಿದ್ದು ನೀನು ಹೋದೆಯಲ್ಲ, ಅದರ ತನಿಖೆಗೆ ನಿನ್ನೆ ಅಧಿಕಾರಿ ಮನೆಗೆ ಬಂದಿದ್ದರು. ಹಾರುವ ಮುಂಚೆ ಏನೇನಾಯಿತು ಎಂದು ಕೇಳಿದರು.

“ವಕೀಲರನ್ನ ಕೇಳಿ ಹೇಳತೇನ್ರಿ” ಎಂದೆ.

“ಕಾಯ್ದೆ ಹಂಗಿಲ್ರಿ ಕಾಕಾರ. ಸುಮ್ನ ಕುಂತ್ರ ಅದೂ ಗುನ್ಹೆನ ಆಗತೈತಿ.”

ಹೆದರಿ ಹೇಳಿಬಿಟ್ಟೆ: ಅವತ್ತು ಇಂಜಿನ್ನು ತಡೆದು ತಡೆದು ಓಡುತ್ತಿತ್ತು, ನಿನ್ನ ಗೆಳೆಯ ಮಾಂತೇಶ ನೋಡಿ “ಏನಾಗಂಗಿಲ್ಲ” ಎಂದ. ಬರೆದುಕೊಂಡು ಸಹಿ ಹಾಕಿಸಿಕೊಂಡರು. ನಕಲು ಕೊಡಲಿಲ್ಲ.

ಇಂದು ಮುಂಜಾನೆ ಮಾಂತೇಶನನ್ನು ಕರೆಸಿಕೊಂಡಿದ್ದಾರೆ, ಇನ್ನೂ ಬಂದಿಲ್ಲ. ಅವನ ಹೆಂಡತಿ ಎರಡು ಸಲ ಬಂದು, “ನೀವೇನ ಹೇಳೀರಿ ಕಾಕಾ?” ಎಂದು ಕೇಳಿ ಹೋದಳು.

ಇಂಜಿನ್ನಿನ ಸದ್ದು ಸರಿಯಿಲ್ಲವೆಂದು ನೀನು ಹಾರುವ ಮುಂಚೆಯೇ ವಿಮಾನದಿಂದ ಕೆಳಗಿಳಿಯಲು ಹೊರಟಾಗ, “ಪೂಜಿ ಮಾಡಿ ಕಾಯಿ ಒಡದೇನಿ, ಈಗ ಇಳದ್ರ ಅಪಶಕುನ, ಇಳೀಬ್ಯಾಡೋ” ಎಂದವನು ನಾನು. ಅದನ್ನು ಅಧಿಕಾರಿ ಕೇಳಲಿಲ್ಲ.

ನಿನ್ನ ಕೃಷ್ಣಾಜಿ ಕಾಕಾ