ಹದಿನೆಂಟನೆಯ ಕೊಂಡಿ

ಟಾರ್ನೀಟ್, ಮೆಲ್ಬರ್ನ್
೧೪ ಆಗಸ್ಟ್ ೨೦೨೫

ಜಯೇಶ್,

‘ಪ್ರೀತಿಯ’ ಎಂದು ಕೈ ಅಭ್ಯಾಸಬಲದಿಂದ ಬರೆದುಬಿಟ್ಟಿತ್ತು. ಹೊಡೆದು ಹಾಕಿದ್ದೇನೆ. ನಾವು ಬೇರೆಯಾಗಿ ನಾಲ್ಕು ವರ್ಷವಾಯಿತು. ನೀನು ಸಿಡ್ನಿಯ ಎಪ್ಪಿಂಗ್‌ನ ಫ್ಲ್ಯಾಟಿನಲ್ಲಿ, ನಾನು ಇಲ್ಲಿ. ಇಷ್ಟು ದಿನ ಬರೆಯದವಳು ಈಗೇಕೆ ಬರೆಯುತ್ತಿದ್ದೇನೆಂದು ನಿನಗೆ ಗೊತ್ತು. ಹದಿನೆಂಟನೆಯ ಕೊಂಡಿ ನಿನ್ನದೇ. ಇಲ್ಲ ಎನ್ನಬೇಡ.

ಪ್ರದರ್ಶನದವರೆಗೆ ಮಾಡಿದವರ ಹೆಸರು ಗುಟ್ಟಾಗಿರಬೇಕೆಂಬುದು ಈ ಚಿತ್ರ ಮಾಡಿಸುತ್ತಿರುವ ನೀಲಾಂಬಿಕಾ ಆಂಟಿಯ ನಿಯಮ. ಹಿಂದೆ ಜಪಾನಿನ ಕವಿಗಳು ಒಟ್ಟಿಗೆ ಕುಳಿತು, ಒಬ್ಬರ ಪದ್ಯಕ್ಕೆ ಇನ್ನೊಬ್ಬರು ಪದ್ಯ ಹೆಣೆಯುತ್ತಿದ್ದರಂತೆ. ಅಂಥದೊಂದು ಹಳೆಯ ಸರಪಳಿಯನ್ನು ಮೂವತ್ತಾರು ಜನ ಸೇರಿ ಆನಿಮೇಷನ್ ಮಾಡುವುದು, ತಲಾ ಒಂದು ಪದ್ಯ, ಇಪ್ಪತ್ತು ಸೆಕೆಂಡ್. ಕೈಗೆ ಬರುವುದು ಹಿಂದಿನವರ ತುಣುಕು ಮಾತ್ರ. ಅದರಿಂದ ಒಂದೇ ಒಂದು ವಸ್ತುವನ್ನು ಎತ್ತಿಕೊಂಡು ಮುಂದೆ ಹೋಗಬೇಕು. ಹಿಂದಿನವರು ಒಪ್ಪಿದರೆ ಮಾತ್ರ ಹೊಸ ಕೊಂಡಿ ಉಳಿಯುತ್ತದೆ. ನಿನ್ನ ಹಿಂದಿನವಳು ನಾನು, ಹದಿನೇಳನೆಯವಳು.

ನನ್ನ ಪಾಲಿಗೆ ಬಂದದ್ದು ಗಾಳಿಯ ಪದ್ಯ. ನಾನು ಬಿಡಿಸಿದ್ದು ಹಿತ್ತಲಿನಲ್ಲಿ ಗಿರಗಿರನೆ ತಿರುಗುವ, ಬಟ್ಟೆ ಒಣಗಿಸಲು ಹಗ್ಗ ಸುತ್ತಿದ ಕಂಬ. ಬಟ್ಟೆಯಿಲ್ಲ, ಬರೀ ಗಾಳಿ. ಸಿಡ್ನಿಯ ಲಿವರ್‌ಪೂಲಿನಲ್ಲಿ ನಾವು ರೆಂಟ್‌ಗಿದ್ದ ಮನೆಯ ಕಂಬ, ಎಡಕ್ಕೆ ವಾಲಿದ್ದು. ನೀನು ನೋಡಿದ ಕೂಡಲೇ ಗುರುತು ಹಿಡಿದೆ. ಅದಕ್ಕೊಂದು ಹಳದಿ ಫ್ರಾಕ್ ತೂಗುಹಾಕಿದೆ. ಫ್ರಾಕಿನೊಳಗೆ ಗಾಳಿ ತುಂಬಿ, ಕೈಕಾಲು ಮೂಡಿ, ಆರು ವರ್ಷದ ಹುಡುಗಿಯೊಬ್ಬಳು ಕೆಳಗಿಳಿದು ಓಡಿದಳು. ಕಾಲಿಗೆ ಬೆರಳೇ ಇಲ್ಲ! ಒಂದೇ ಬೆಂಚಿನಲ್ಲಿ ಕುಳಿತು ಆನಿಮೇಷನ್ ಕಲಿತವರು ನಾವು; ಕಾಲ್ಬೆರಳು ಬಿಡಿಸಲು ನಿನಗೆ ಯಾವಾಗಲೂ ಸೋಮಾರಿತನ. ಅಲ್ಲೇ ಸಿಕ್ಕಿಬಿದ್ದೆ.

ಆರು ವರ್ಷ! ಲೆಕ್ಕ ಇಟ್ಟಿದ್ದೀಯಲ್ಲ, ಭೇಷ್. ಆವತ್ತು ಎರಡು ಗೆರೆ ಮೂಡಿದ ಕಡ್ಡಿ ಹಿಡಿದು ನಿನ್ನ ಮುಂದೆ ನಿಂತಾಗ ಏನೆಂದೆ? ‘ಈಗ ಬೇಡ ಮಾರಾಯ್ತಿ, ನೀನು ಕೆಲಸ ಬಿಟ್ರೆ ವೀಸಾ ಪಾಯಿಂಟ್ ಹೋಗ್ತದೆ. ಪಿಆರ್ ಆಗ್ಲಿ, ಮತ್ತೆ ನೋಡುವ.’ ನಾನೂ ತಲೆಯಾಡಿಸಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕ್ಲಿನಿಕ್‌ನಿಂದ ಮನೆಗೆ ಬರುವ ದಾರಿಯುದ್ದಕ್ಕೂ ನೀನು ವೀಸಾ ಏಜೆಂಟ್ ಜೊತೆ ಫೋನಿನಲ್ಲಿದ್ದೆ. ಪಕ್ಕದ ಸೀಟಿನಲ್ಲಿ ನಾನು ಅತ್ತದ್ದು ನಿನಗೆ ಕೇಳಿಸಲಿಲ್ಲ. ಇಲ್ಲೇ ಕಾಯಂ ನೆಲೆಸಲು ಬಿಡುವ ಆ ಪಿಆರ್ ಬಂದ ದಿನ ನೀನು ಆಫೀಸಿಗೆಲ್ಲ ಸ್ವೀಟ್ ಹಂಚಿದೆ, ಮಗುವಿನ ಮಾತು ಮಾತ್ರ ಎತ್ತಲಿಲ್ಲ. ಉಡುಪಿಯಿಂದ ನಿನ್ನ ಅಮ್ಮ ಫೋನ್ ಮಾಡಿ, ‘ಎಂತ, ಇನ್ನೂ ವಿಶೇಷ ಇಲ್ವಾ?’ ಎಂದು ನನ್ನನ್ನು ಚುಚ್ಚುವಾಗಲೂ ನೀನು ಬಾಯಿಗೆ ಬೀಗ ಹಾಕಿಕೊಂಡು ಕುಳಿತಿದ್ದೆ.

ಈಗ ಚಿತ್ರ ಬಿಡಿಸುತ್ತೀಯಾ? ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಆಂಟಿ ಫೋನ್ ಮಾಡಿ, ‘ಎಷ್ಟ್ ಚೆನ್ನಾಗ್ ಮಾಡಿದಾರಮ್ಮ, ನಾನಂತೂ ಅತ್ತೇಬಿಟ್ಟೆ. ಬೇಗ ಅಪ್ರೂವ್ ಮಾಡು’ ಎಂದರು. ನನಗೆ ಮೈಯೆಲ್ಲ ಉರಿಯಿತು. ಸಿಡ್ನಿಯಲ್ಲಿ ಪ್ರದರ್ಶನದ ದಿನ ಜನ ಚಪ್ಪಾಳೆ ತಟ್ಟುತ್ತಾರೆ, ನೀನು ಕಣ್ಣೊರೆಸಿಕೊಂಡು ನಿಲ್ಲುತ್ತೀಯ. ಯಾರಿಗೆ ಹುಟ್ಟಲು ಜಾಗ ಕೊಡಲಿಲ್ಲವೋ ಅವಳಿಂದ ನಿನಗೆ ಹೆಸರು ಬರಬೇಕೇ?

ಆಗದು. ನಿನ್ನೆ ಬೆಳಿಗ್ಗೆ ಆಂಟಿಗೆ ನನ್ನ ಒಪ್ಪಿಗೆಯಿಲ್ಲವೆಂದು ಬರೆದೆ. ‘ಹಿಂದಿನ ತುಣುಕಿಗೂ ಫ್ರಾಕಿಗೂ ಸಂಬಂಧವೇ ಇಲ್ಲ’ ಎಂದು ಕಾರಣ ಕೊಟ್ಟೆ. ಹದಿನೆಂಟನ್ನು ಬೇರೆ ಯಾರೋ ಹೊಸದಾಗಿ ಮಾಡುತ್ತಾರೆ, ಗಾಳಿಪಟವಂತೆ. ನಿನ್ನ ಹುಡುಗಿ ಎಲ್ಲೂ ಇರುವುದಿಲ್ಲ. ಉತ್ತರ ಬರೆಯಬೇಡ.

ಶ್ರದ್ಧಾ

ಮರೆತ ಮಾತು: ಆ ಕಂಬದ ಹಗ್ಗಕ್ಕೆ ಮೊದಲು ನಾನೇ ಒಂದು ಪುಟ್ಟ ಫ್ರಾಕ್ ಬಿಡಿಸಿದ್ದೆ. ಧೈರ್ಯ ಸಾಲದೆ, ಕಳಿಸುವ ಮುಂಚೆ ಅಳಿಸಿದೆ. ಅದನ್ನು ಹಿಡಿದಿದ್ದ ಎರಡು ಬಟ್ಟೆ ಕ್ಲಿಪ್ ಅಳಿಸಲು ಮರೆತಿದ್ದೆ. ನಿನ್ನ ತುಣುಕನ್ನು ಇವತ್ತು ಮತ್ತೆ ಮತ್ತೆ ನೋಡಿದೆ. ನೀನು ಫ್ರಾಕ್ ಹಾಕಿದ್ದು ಅದೇ ಎರಡು ಕ್ಲಿಪ್ಪಿಗೆ. ಪಕ್ಕದಲ್ಲೇ ಕುಳಿತು ಅತ್ತದ್ದು ಕೇಳಿಸದವನಿಗೆ ಅದು ಹೇಗೆ ಕಂಡಿತು ಮಾರಾಯ?